ಫಾರಂ ತುಂಬಿದವರು ಮೊದಲ ಭಾನುವಾರ ಯಾಕೆ ಬರುವುದಿಲ್ಲ?

‘ಸಭೆಯ ಸೇವೆಗೆ ಸ್ವಯಂಸೇವಕರು ಬೇಕು, ಆಸಕ್ತರು ಸಂಪರ್ಕಿಸಿ’ ಅಂತ ಚರ್ಚಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೆ ‘ಆಮೆನ್’ ಬರುತ್ತದೆ, ಕೈಮುಗಿದ ಚಿತ್ರ ಬರುತ್ತದೆ, ಜನ ಬರುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಬಂದು ಏನು ಮಾಡಬೇಕು ಅನ್ನುವುದು ಅದರಲ್ಲಿ ಇರುವುದೇ ಇಲ್ಲ. ಹೆಸರು ಕೊಟ್ಟ ಕೆಲವರೂ ಫಾರಂಗೂ ಮೊದಲ ಭಾನುವಾರಕ್ಕೂ ನಡುವೆ ಎಲ್ಲೋ ಕೈಬಿಟ್ಟು ಹೋಗುತ್ತಾರೆ. ಕೋಲಾರದ ಕಡೆಯ ಸಭೆಗಳಲ್ಲಿ ಈ ಕೆಲಸ ನೋಡಿಕೊಳ್ಳುವವರು ಹೆಚ್ಚು ಗಮನ ಕೊಡಬೇಕಾದದ್ದು ಆ ನಡುವಿನ ದಿನಗಳಿಗೆ.

ಮೊದಲು ಕರೆ. ಒಂದು ಮೆಸೇಜಿಗೆ ಒಂದೇ ಕೆಲಸ. ‘ಸೌಂಡ್ ನೋಡಿಕೊಳ್ಳಲು ಇಬ್ಬರು ಬೇಕು. ತಿಂಗಳಿಗೆ ಒಂದು ಭಾನುವಾರ, ಬೆಳಿಗ್ಗೆ 7:45ರಿಂದ 10:30. ಜುಲೈಯಿಂದ ಸೆಪ್ಟೆಂಬರ್ ಕೊನೆವರೆಗೆ. ಗೊತ್ತಿಲ್ಲದಿದ್ದರೆ ಕಲಿಸುತ್ತೇವೆ.’ ಇಷ್ಟು ಸಾಕು. ಇದರಲ್ಲಿ ಬಹಳ ಕೆಲಸ ಮಾಡುವುದು ಆ ‘ಸೆಪ್ಟೆಂಬರ್ ಕೊನೆವರೆಗೆ’. ಒಮ್ಮೆ ಹೆಸರು ಕೊಟ್ಟರೆ ವರ್ಷಗಟ್ಟಲೆ ಬಿಡಿಸಿಕೊಳ್ಳಲಾಗದು ಎಂಬ ಭಯ ನಮ್ಮ ಜನಕ್ಕೆ ಇದೆ, ಅದು ಸುಳ್ಳು ಭಯವೂ ಅಲ್ಲ. ಎಷ್ಟು ಜನ ಬೇಕೆಂಬ ಲೆಕ್ಕ ಮೊದಲೇ ಹಾಕಿಕೊಳ್ಳಿ: ಸೌಂಡಿಗೆ 2, ಸ್ಲೈಡಿಗೆ 1, ಬಾಗಿಲಲ್ಲಿ ಸ್ವಾಗತಕ್ಕೆ 2, ಒಟ್ಟು 5. ತಿಂಗಳಿಗೆ ಒಂದೇ ಸರದಿ ಅಂದರೆ 4 ವಾರಕ್ಕೆ 20. ಐದನೇ ಭಾನುವಾರ, ಮದುವೆ, ಜ್ವರ ಇವಕ್ಕೆಲ್ಲ ಸೇರಿ 25 ಹೆಸರು ಇದ್ದರೆ ಉಸಿರಾಡಬಹುದು.

ಇಲ್ಲಿನವರ ಸಮಯ ಕೈಯಲ್ಲಿರುವ ಸಮಯವಲ್ಲ. ನರಸಾಪುರ, ವೇಮಗಲ್ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವವರಿಗೆ ಶನಿವಾರ ರಾತ್ರಿ ಪಾಳಿ ಬಿದ್ದರೆ ಭಾನುವಾರ ಬೆಳಿಗ್ಗೆ ಮನೆಗೆ ಬಂದು ಮಲಗಬೇಕು. ಕೆಜಿಎಫ್, ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವವರು ವಾರದ ಸಂಜೆಯ ಅಭ್ಯಾಸಕ್ಕೆ ಸಿಗುವುದಿಲ್ಲ. ಆದ್ದರಿಂದ ‘ನಿಮಗೆ ಯಾವಾಗ ಬಿಡುವು?’ ಅಂತ ಕೇಳಬೇಡಿ. ‘1ನೇ, 2ನೇ, 3ನೇ, 4ನೇ ಭಾನುವಾರ: ಇವುಗಳಲ್ಲಿ ಯಾವುದು ಆಗುತ್ತದೆ?’ ‘ಶಿಫ್ಟ್ ಬದಲಾಗುತ್ತದೆಯೇ? ಎಷ್ಟು ದಿನ ಮುಂಚೆ ಗೊತ್ತಾಗುತ್ತದೆ?’ ಎಂದು ಕೇಳಿ. ರೈಲಿನವರಿಗೆ ಮೆಸೇಜ್ ಬೆಳಗಿನ ಪ್ರಯಾಣದ ಹೊತ್ತಿಗೆ ಹೋದರೆ ಓದುವ ಪುರುಸೊತ್ತು ಅವರಿಗಿರುತ್ತದೆ.

ಗೂಗಲ್ ಫಾರಂನಲ್ಲಿ 6 ಪ್ರಶ್ನೆ ಮೀರಬಾರದು. ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಗೂಗಲ್ ಲಾಗಿನ್ ಕೇಳುತ್ತದೆ. ಪಾಸ್‌ವರ್ಡ್ ಮರೆತವರು ಅಲ್ಲಿಂದಲೇ ವಾಪಸ್. ಫೈಲ್ ಅಪ್‌ಲೋಡ್ ಕೇಳಿದರೂ ಅದೇ ಗತಿ. ಮೊಬೈಲ್ ನಂಬರಿನ ಪ್ರಶ್ನೆಗೆ ತಪಾಸಣೆ ಹಾಕಿ: ಸಂಖ್ಯೆ 6000000000 ಮತ್ತು 9999999999 ನಡುವೆ ಇರಬೇಕು. ಇಲ್ಲದಿದ್ದರೆ ಒಂಬತ್ತೇ ಅಂಕಿ ಹೊಡೆದವರು, ಒಂದು ಅಂಕಿ ಹೆಚ್ಚು ಹೊಡೆದವರು ಎಲ್ಲರೂ ಉತ್ತರಗಳು ಸೇರುವ ಶೀಟಿನಲ್ಲಿ ಕೂತಿರುತ್ತಾರೆ, ಫೋನ್ ಮಾಡಲು ಹೋದಾಗ ಗೊತ್ತಾಗುತ್ತದೆ.

ಕ್ಯೂಆರ್ ಕೋಡ್ ವಾಟ್ಸ್‌ಆ್ಯಪ್ ಪೋಸ್ಟರಿಗೆ ಅಲ್ಲ. ಫೋನಿನಲ್ಲಿ ನೋಡುತ್ತಿರುವವರು ಅದೇ ಫೋನಿನಿಂದ ಅದನ್ನು ಹೇಗೆ ಸ್ಕ್ಯಾನ್ ಮಾಡಬೇಕು? ಅಲ್ಲಿ ಒತ್ತಲು ಬರುವ ಲಿಂಕ್ ಇರಲಿ. ಕೋಡನ್ನು ಸಭೆಯ ಬಾಗಿಲ ಬಳಿ ಕಾಗದದಲ್ಲಿ ಅಂಟಿಸಿ; ಒಂದು ಮೀಟರ್ ದೂರದಿಂದ ಹಿಡಿಯಬೇಕಾದರೆ ಸುಮಾರು 10 ಸೆಂ.ಮೀ. ಅಗಲ ಬೇಕು. ಬ್ರಾಡ್‌ಕಾಸ್ಟ್ ಲಿಸ್ಟಿಗೆ (ಒಂದೇ ಮೆಸೇಜನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಪಟ್ಟಿ) 256 ಜನ ಹಿಡಿಸುತ್ತಾರೆ, ಆದರೆ ಸಭೆಯ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಹಾಗಾಗಿ ಆರಾಧನೆಯ ಪ್ರಕಟಣೆ ಹೊತ್ತಿನಲ್ಲಿ ‘ಈಗಲೇ ಸೇವ್ ಮಾಡಿಕೊಳ್ಳಿ’ ಎಂದು ಹೇಳಿ, ಅರ್ಧ ನಿಮಿಷ ಕಾಯಿರಿ. ಗ್ರೂಪಿನಲ್ಲಿ ಪೋಲ್ ಹಾಕಿ ಆಳು ಹುಡುಕುವುದು ನನಗೆ ಸರಿ ಕಾಣುವುದಿಲ್ಲ. ಯಾರು ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ, ಸಂಕೋಚದವರು ಒತ್ತುವುದಿಲ್ಲ. ಒಪ್ಪಿಕೊಂಡವರ ಸರದಿ ಖಚಿತ ಮಾಡಿಕೊಳ್ಳಲು ಪೋಲ್ ಚೆನ್ನ.

ಭಾಷೆಯ ಮಾತೂ ಇದೆ. ಈ ಜಿಲ್ಲೆಯಲ್ಲಿ ಕನ್ನಡ ಓದಿ ಮನೆಯಲ್ಲಿ ತೆಲುಗು ಆಡುವವರು ಬಹಳ, ಕೆಜಿಎಫ್‌ನಲ್ಲಿ ತಮಿಳು. ಬರಹ ಕನ್ನಡದಲ್ಲೇ ಇರಲಿ, ಜೊತೆಗೆ 40 ಸೆಕೆಂಡಿನ ವಾಯ್ಸ್ ಮೆಸೇಜ್ ಮನೆಮಾತಿನಲ್ಲಿ ಹೋಗಲಿ. ಸ್ತ್ರೀಯರ ಕೂಟದ ಹಿರಿಯಕ್ಕನ ದನಿಗೆ ಇರುವ ಬೆಲೆ ಪೋಸ್ಟರಿಗೆ ಇಲ್ಲ.

ಇನ್ನು ಆ ನಡುವಿನ ದಿನಗಳು. ಫಾರಂ ಬಂದ ಎರಡು ದಿನದೊಳಗೆ ಫೋನ್ ಹೋಗಬೇಕು. ಮೆಸೇಜ್ ಅಲ್ಲ, ಫೋನ್. ಮಾಡುವ ವ್ಯಕ್ತಿಯ ಹೆಸರು ಶೀಟಿನಲ್ಲೇ ಒಂದು ಕಾಲಂನಲ್ಲಿ ಇರಲಿ. ‘ಕಮಿಟಿಯವರು ಮಾಡುತ್ತಾರೆ’ ಎಂದರೆ ಯಾರೂ ಮಾಡುವುದಿಲ್ಲ. ವಾರ ಕಳೆದರೆ ಹೆಸರು ಕೊಟ್ಟವರಿಗೆ ‘ನಾನು ಬೇಡವೇನೋ’ ಅನ್ನಿಸುತ್ತದೆ. ಹಾಗೆ ಹಿಂದೆ ಸರಿದವರು ಎರಡನೇ ಸಲ ಕೈ ಎತ್ತುವುದು ಕಷ್ಟ. ಫೋನಿನಲ್ಲಿ ಮೂರೇ ವಿಷಯ: ಯಾವ ಭಾನುವಾರ, ಬಂದ ಕೂಡಲೇ ಯಾರನ್ನು ನೋಡಬೇಕು, ಆ ದಿನ ಏನೂ ಮಾಡದೆ ಪಕ್ಕದಲ್ಲಿ ನಿಂತು ನೋಡಿದರೆ ಸಾಕು. ಶನಿವಾರ ಸಂಜೆ ನೆನಪಿನ ಮೆಸೇಜ್. ಭಾನುವಾರ ಆ ‘ನೋಡಬೇಕಾದವರು’ 10 ನಿಮಿಷ ಮೊದಲೇ ಬಾಗಿಲಲ್ಲಿ ಇರಬೇಕು. ಹೊಸಬರು ಯಾರ ಬಳಿ ಹೋಗುವುದೆಂದು ತಿಳಿಯದೆ ಕೊನೆ ಬೆಂಚಿನಲ್ಲಿ ಕೂತರೆ, ಇಷ್ಟು ಮಾಡಿದ್ದೂ ವ್ಯರ್ಥ.

ಮಕ್ಕಳ ಕೆಲಸಕ್ಕೆ ಈ ದಾರಿಯಷ್ಟೇ ಸಾಲದು. ಸಂಡೇ ಸ್ಕೂಲ್‌ಗೂ ವಿಬಿಎಸ್‌ಗೂ (ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ) ಫಾರಂ ತುಂಬಿಸಿಕೊಳ್ಳಬಹುದು, ಆದರೆ ಫಾರಂ ತುಂಬಿದ ಮಾತ್ರಕ್ಕೆ ಯಾರನ್ನೂ ಮಕ್ಕಳ ಬಳಿ ಬಿಡಬಾರದು. ಕನಿಷ್ಠ 6 ತಿಂಗಳು ಸಭೆಗೆ ಬರುತ್ತಿರುವವರಾಗಿರಲಿ, ಬಲ್ಲ ಇಬ್ಬರನ್ನು ವಿಚಾರಿಸಿ, ಎದುರು ಕೂತು ಮಾತಾಡಿ, ಪೊಲೀಸ್ ವೆರಿಫಿಕೇಶನ್ ಕೇಳಿ. ಕೊಠಡಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು. 2012ರ ಪೋಕ್ಸೊ ಕಾಯ್ದೆಯಂತೆ 18 ತುಂಬದವರೆಲ್ಲ ಮಕ್ಕಳೇ; ಆದ್ದರಿಂದ ವಿಬಿಎಸ್‌ಗೆ ಹುರುಪಿನಿಂದ ಬರುವ ಪಿಯುಸಿ ಹುಡುಗ ಹುಡುಗಿಯರು ಸಹಾಯ ಮಾಡಲಿ, ಆ ಇಬ್ಬರ ಲೆಕ್ಕಕ್ಕೆ ಸೇರಿಸಬೇಡಿ. ಮಗುವಿನ ಜೊತೆ ಖಾಸಗಿಯಾಗಿ ಯಾರೂ ಚಾಟ್ ಮಾಡುವಂತಿಲ್ಲ, ಮೆಸೇಜ್ ಹೋಗುವುದು ತಂದೆತಾಯಿಗೆ. ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಕಡ್ಡಾಯ, ಸಭೆಯೊಳಗೇ ಮುಗಿಸುವ ಮಾತಲ್ಲ. ಮಕ್ಕಳ ಸಹಾಯವಾಣಿ 1098ರ ನಂಬರ್ ಗೋಡೆಯ ಮೇಲಿರಲಿ. ಇದಕ್ಕೆಲ್ಲ ಹೊತ್ತು ಹಿಡಿಯುವುದರಿಂದ ಬೇಸಿಗೆ ರಜೆಯ ವಿಬಿಎಸ್‌ಗೆ ಜನವರಿಯಲ್ಲೇ ಕರೆ ಹೋಗಬೇಕು. ಮಾರ್ಚಿನಲ್ಲಿ ಪರೀಕ್ಷೆ, ಯಾರೂ ಸಿಗುವುದಿಲ್ಲ.

ಕಾಣಿಕೆ ಎಣಿಸುವವರನ್ನೂ ಆನ್‌ಲೈನ್‌ನಲ್ಲಿ ಕರೆಯಬೇಡಿ. ಅದು ಕಮಿಟಿಯ ನೇಮಕ, ಒಂದೇ ಮನೆಯ ಇಬ್ಬರು ಇರಬಾರದು.

ಗುರುತಿಗೆ ಆಧಾರ್ ನೋಡಲೇಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಾಕು. ನೋಡಿ ಹಿಂತಿರುಗಿಸಿ, ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಬೇಡಿ. ಶೀಟ್ ‘ಲಿಂಕ್ ಇದ್ದವರಿಗೆಲ್ಲ’ ತೆರೆದಿದ್ದರೆ ಹೆಣ್ಣುಮಕ್ಕಳ ನಂಬರ್‌ಗಳು ಊರೆಲ್ಲ ಸುತ್ತುತ್ತವೆ. ಮೂವರ ಇಮೇಲ್‌ಗೆ ಮಾತ್ರ ಅನುಮತಿ ಕೊಡಿ.

ಹೆಸರು ಭರ್ತಿಯಾದ ದಿನವೇ ಫಾರಂನ ಉತ್ತರ ಸ್ವೀಕಾರ ನಿಲ್ಲಿಸಿ, ಅಲ್ಲಿ ಬರುವ ಖಾಲಿ ಜಾಗದಲ್ಲಿ ‘ಈ ಸರದಿ ತುಂಬಿದೆ, ಮುಂದಿನದು ಅಕ್ಟೋಬರ್‌ನಲ್ಲಿ’ ಎಂದು ಬರೆಯಿರಿ. ಹಳೆಯ ಲಿಂಕ್ ಗ್ರೂಪಿನಿಂದ ಗ್ರೂಪಿಗೆ ತಿಂಗಳುಗಟ್ಟಲೆ ಓಡಾಡುತ್ತಲೇ ಇರುತ್ತದೆ.