ಅಕ್ವೇರಿಯಂನ ಎಲ್ಲವನ್ನೂ ಒಂದೇ ಟೈಮರಿಗೆ ಹಾಕಬಹುದೇ?

"ಎಕ್ಸ್‌ಟೆನ್ಶನ್ ಬೋರ್ಡನ್ನೇ ಟೈಮರಿಗೆ ಚುಚ್ಚಿ, ಲೈಟು, ಫಿಲ್ಟರು, ಹೀಟರು ಎಲ್ಲವನ್ನೂ ಅದರಿಂದಲೇ ಓಡಿಸಿದರೆ ಆಗದೇ?" ಟೈಮರ್ ಕೊಂಡವರು ಮೊದಲು ಕೇಳುವುದೇ ಇದನ್ನು. ಆಗದು. ಟೈಮರಿಗೆ ಹೋಗಬೇಕಾದದ್ದು ಲೈಟು. ಗಿಡಗಳಿಗೆ ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಕೊಡುತ್ತಿದ್ದರೆ ಅದರ ಸೊಲೆನಾಯ್ಡ್ ವಾಲ್ವ್ ಕೂಡ, ಅಂದರೆ ಕರೆಂಟ್ ಬಂದಾಗ ಗ್ಯಾಸು ಬಿಡುವ, ಹೋದಾಗ ತಡೆಯುವ ವಾಲ್ವ್.

ಫಿಲ್ಟರನ್ನಂತೂ ಟೈಮರಿಗೆ ಹಾಕಲೇಬೇಡಿ. ಅದರ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಹರಿಯುವ ನೀರಿನ ಆಮ್ಲಜನಕ ಸಿಕ್ಕಿದರೆ ಮಾತ್ರ. ಕ್ಯಾನಿಸ್ಟರ್ ಫಿಲ್ಟರ್ ರಾತ್ರಿಯಿಡೀ ನಿಂತರೆ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಮುಗಿಯುತ್ತದೆ, ಬೆಳಿಗ್ಗೆ ಆ ಕೆಟ್ಟ ನೀರೇ ಟ್ಯಾಂಕಿಗೆ ಬರುತ್ತದೆ. ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಬಳಸುವುದರಿಂದ ಮೀನುಗಳಿಗೆ ನೀರಿನ ಅಲುಗಾಟ ಹೆಚ್ಚು ಬೇಕಾಗುವುದೂ ರಾತ್ರಿಯೇ. ಹೀಟರಿಗೆ ತನ್ನದೇ ಥರ್ಮೋಸ್ಟಾಟ್ ಇದೆ, ಟೈಮರ್ ಅದಕ್ಕೆ ಅಡ್ಡಿ. ಏರ್ ಪಂಪನ್ನು ಬೇಕಿದ್ದರೆ ರಾತ್ರಿ ಮಾತ್ರ ಓಡಿಸಬಹುದು. ಅದಕ್ಕೆ ಬೇರೆ ಟೈಮರ್.

ಲೈಟನ್ನು ಹೊಸ ಟ್ಯಾಂಕಿನಲ್ಲಿ ದಿನಕ್ಕೆ 6 ಗಂಟೆಯಿಂದ ಶುರುಮಾಡಿ. ಗಿಡ ಬೇರೂರಿದ ಮೇಲೆ 7–8 ಗಂಟೆಗೆ ಏರಿಸಿ. ಗಾಜಿನ ಮೇಲೆ ಪಾಚಿ ಹೆಚ್ಚಿದರೆ ಒಂದು ಗಂಟೆ ಇಳಿಸಿ ನೋಡಿ. ಕಾರ್ಬನ್ ಡೈಆಕ್ಸೈಡ್ ಗ್ಯಾಸು ಲೈಟಿಗಿಂತ ಒಂದೆರಡು ಗಂಟೆ ಮೊದಲು ಬಂದು, ಲೈಟ್ ಆರುವ ಒಂದು ಗಂಟೆ ಮೊದಲೇ ನಿಲ್ಲಬೇಕು. ಲೈಟ್ ಮಧ್ಯಾಹ್ನ 1ರಿಂದ ರಾತ್ರಿ 8ರವರೆಗೆ ಎಂದರೆ ಗ್ಯಾಸು ಬೆಳಿಗ್ಗೆ 11ರಿಂದ ಸಂಜೆ 7. ಹಾಗಾಗಿ ಇದಕ್ಕೂ ಪ್ರತ್ಯೇಕ ಟೈಮರ್.

ಯಾವ ಬಗೆ ಕೊಳ್ಳಬೇಕು? ತಿರುಗುವ ಡಯಲ್ಲಿನ ಮೆಕ್ಯಾನಿಕಲ್ ಟೈಮರಿಗೆ ಸಾಮಾನ್ಯವಾಗಿ 96 ಪಿನ್ನುಗಳಿರುತ್ತವೆ, ಒಂದೊಂದೂ 15 ನಿಮಿಷ. ಅಗ್ಗ, ಸರಳ. ಆದರೆ ಕರೆಂಟ್ ಹೋದಾಗ ಡಯಲ್ ನಿಲ್ಲುತ್ತದೆ: ಎರಡು ಗಂಟೆ ಕರೆಂಟ್ ಇಲ್ಲದಿದ್ದರೆ ಲೈಟೂ ಅಂದಿನಿಂದ ಎರಡು ಗಂಟೆ ತಡ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರಿಗೆ ಈ ಕಾಟವಿಲ್ಲ, ಬೇರೆ ಕಾಟಗಳಿವೆ. ಪ್ರೋಗ್ರಾಂ ಸರಿಯಿದ್ದರೂ ಅದು ಕೆಲವೊಮ್ಮೆ 'ಆನ್' ಅಥವಾ 'ಆಫ್'ನಲ್ಲೇ ಉಳಿದಿರುತ್ತದೆ, 'ಆಟೋ'ದಲ್ಲಿರಬೇಕು. ಎಷ್ಟೋ ಮಾದರಿಗಳಲ್ಲಿ 'ಆಫ್'ನಿಂದ 'ಆಟೋ'ಗೆ ತಂದರೆ ಮುಂದಿನ ಪ್ರೋಗ್ರಾಂ ಸಮಯದವರೆಗೆ ಆಫ್ ಆಗಿಯೇ ಇರುತ್ತದೆ. ಕೆಟ್ಟಿದೆ ಎಂದು ವಾಪಸಾಗುವ ಟೈಮರುಗಳಲ್ಲಿ ಇಂಥವೂ ಇರುತ್ತವೆ. 'ರ್‍ಯಾಂಡಮ್' ಎಂಬ ಬಟನ್ ಖಾಲಿ ಮನೆಯಲ್ಲಿ ಜನರಿದ್ದಾರೆಂದು ತೋರಿಸಲಿಕ್ಕೆ, ಮೀನಿಗಲ್ಲ.

ಕೊಳ್ಳುವ ಮೊದಲು ಲೈಟನ್ನೇ ಪರೀಕ್ಷಿಸಿ. ಉರಿಯುತ್ತಿರುವಾಗ ಪ್ಲಗ್ ಕಿತ್ತು ಮತ್ತೆ ಹಾಕಿ. ತಾನಾಗಿ ಹತ್ತಿಕೊಂಡರೆ ಸರಿ. ಟಚ್ ಸ್ವಿಚ್ ಇರುವ ಕೆಲವು ಲೈಟುಗಳು ಹತ್ತುವುದಿಲ್ಲ, ಅವಕ್ಕೆ ಪ್ಲಗ್ ಟೈಮರ್ ದಂಡ.

ಟೈಮರ್ ಮೇಲೆ ಬರೆದ 10 ಅಥವಾ 16 ಆಂಪಿಯರ್ ಹೀಟರಿನಂಥ ಲೋಡಿನ ಲೆಕ್ಕ. ಎಲ್‌ಇಡಿ ಡ್ರೈವರ್ (ಲೈಟಿಗೆ ಕರೆಂಟ್ ಹೊಂದಿಸಿ ಕೊಡುವ ಭಾಗ) ವ್ಯಾಟ್ ಕಡಿಮೆ ತೋರಿಸಿದರೂ ಹೊತ್ತಿಕೊಳ್ಳುವ ಕ್ಷಣದಲ್ಲಿ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ಕಾಲಕ್ರಮೇಣ ಟೈಮರಿನೊಳಗಿನ ಸ್ವಿಚ್ಚಾದ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡು ಲೈಟ್ ಆರುವುದೇ ಇಲ್ಲ. ಒಂದು ಟೈಮರಿಗೆ ನಾಲ್ಕೈದು ಲೈಟು ಪೋಣಿಸಬೇಡಿ. ಸೊಲೆನಾಯ್ಡಿನ ಟೈಮರ್ ಹೀಗೆ ಆನ್‌ನಲ್ಲೇ ಸಿಕ್ಕಿಕೊಂಡರೆ ರಾತ್ರಿ ಮೀನು ಉಸಿರುಗಟ್ಟಿ ಸಾಯಬಹುದು, ಆದ್ದರಿಂದ ಮಲಗುವ ಮುನ್ನ ಗ್ಯಾಸಿನ ಗುಳ್ಳೆಗಳನ್ನು ತೋರಿಸುವ ಬಬಲ್ ಕೌಂಟರ್ ಕಡೆ ಒಮ್ಮೆ ಕಣ್ಣಾಡಿಸಿ.

ಟೈಮರನ್ನು ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ನೆಲಕ್ಕೆ ಇಡದೆ ಪಕ್ಕದ ಹಲಗೆಗೆ ಎತ್ತರದಲ್ಲಿ ಕೂರಿಸಿ. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಡಿ. ವೈರಿನ ಗುಂಟ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.