ಖಂಡೇನವಮಿಗೆ ಮೊದಲು ಕಾರಿಗೆ ಪಾಲಿಶ್: ಯಾವ ಮಷಿನ್ ಕೊಳ್ಳಬೇಕು, ಹೇಗೆ ಹಿಡಿಯಬೇಕು

ಕಪ್ಪು ಅಥವಾ ಕಡುನೀಲಿ ಕಾರನ್ನು ವಿಜಯಪುರದ ಬಿಸಿಲಿಗೆ ನಿಲ್ಲಿಸಿ, ಬಾನೆಟ್ ಮೇಲೆ ಸೂರ್ಯ ಹೊಳೆಯುವ ಜಾಗವನ್ನು ನೋಡಿ. ಅದರ ಸುತ್ತ ಜೇಡರ ಬಲೆಯಂಥ ಗೆರೆಗಳು ಕಾಣುತ್ತವೆ. ಅವು ದುಂಡಗೇನೂ ಇರುವುದಿಲ್ಲ. ಎಲ್ಲ ದಿಕ್ಕಿಗೂ ಬಿದ್ದ ಗೀರುಗಳಲ್ಲಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆಯುವುದರಿಂದ ಹಾಗೆ ಕಾಣುತ್ತದೆ. ಹೆಚ್ಚಿನವು ಮುಂಜಾನೆ ಒಣಬಟ್ಟೆಯಿಂದ ದೂಳು ಒರೆಸಿದಾಗ ಬಿದ್ದವು. ಎರಿಮಣ್ಣಿನ ದೂಳು ಕೈಗೆ ಹಿಟ್ಟಿನಂತೆ ಹತ್ತಿದರೂ ಅದರೊಳಗೆ ಸಣ್ಣ ಮರಳಿನ ಕಣಗಳಿರುತ್ತವೆ. ಮುಧೋಳ, ಜಮಖಂಡಿ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಇದರ ಜೊತೆಗೆ ಬೂದಿಯೂ ಸೇರುತ್ತದೆ.

ಈ ಗೀರುಗಳು ಬಿದ್ದಿರುವುದು ಬಣ್ಣದ ಮೇಲಿರುವ ಪಾರದರ್ಶಕ ಪದರದ, ಅಂದರೆ ಕ್ಲಿಯರ್ ಕೋಟ್ ಮೇಲೆ. ಅದರ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಪಾಲಿಶ್ ಮಾಡುವುದೆಂದರೆ ಗೀರಿನ ತಳದವರೆಗೆ ಸುತ್ತಲಿನ ಪದರವನ್ನು ಸವೆಸುವುದು. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಬೇಗ ಮುಗಿಸುವ ಮಷಿನ್‌ಗಿಂತ, ಕೈ ತಪ್ಪಿದರೂ ಬಣ್ಣ ಉಳಿಸುವ ಮಷಿನ್ ಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಪಾಲಿಶ್‌ನಿಂದ ತೆಗೆಯಲು ಹೋಗಲೇಬೇಡಿ.

ವೆಲ್ಡಿಂಗ್ ಅಂಗಡಿಯ 4 ಇಂಚಿನ ಗ್ರೈಂಡರ್‌ಗೆ ಸ್ಪಾಂಜ್ ಹಾಕಿ ಪಾಲಿಶ್ ಮಾಡುವುದುಂಟು. ಆ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಬಣ್ಣ ಸುಡಲು ಕೆಲವು ಸೆಕೆಂಡು ಸಾಕು. ರೋಟರಿ ಪಾಲಿಶರ್ 600ರಿಂದ 3,000 ಸುತ್ತಿನದು. ಪಳಗಿದ ಕೈಗೆ ಒಳ್ಳೆಯದು, ಆದರೆ ಒಂದೇ ಅಚ್ಚಿನ ಮೇಲೆ ತಿರುಗುವುದರಿಂದ ಒಂದು ಕಡೆ ನಿಂತರೆ ಶಾಖ ಅಲ್ಲೇ ಕೂಡುತ್ತದೆ. ಹೊಸಬರಿಗೆ ಡ್ಯುಯಲ್ ಆ್ಯಕ್ಷನ್, ಅಂದರೆ ಡಿಎ ಮಷಿನ್ನೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದರ ಪ್ಯಾಡ್ ಓಲಾಡುತ್ತಲೇ ತಿರುಗುತ್ತದೆ. ಜೋರಾಗಿ ಒತ್ತಿದರೆ ತಿರುಗುವುದು ನಿಂತು ಓಲಾಟ ಮಾತ್ರ ಉಳಿಯುತ್ತದೆ, ಹಾಗಾಗಿ ಬಣ್ಣ ಸುಡುವುದು ಕಡಿಮೆ.

ಡಿಎಯಲ್ಲಿ ನೋಡಬೇಕಾದ ಅಂಕಿ ಥ್ರೋ, ಅಂದರೆ ಓಲಾಟದ ಅಗಲ: 8, 15, 21 ಮಿ.ಮೀ. ಹೀಗೆ. 21 ಮಿ.ಮೀ. ಮಷಿನ್ ದೊಡ್ಡ ಸಮತಟ್ಟು ಜಾಗದಲ್ಲಿ ಬೇಗ ಕೆಲಸ ಮುಗಿಸುತ್ತದೆ, ಆದರೆ ಬಾಗಿದ ಬಾಗಿಲಿನ ಮೇಲೆ ಪ್ಯಾಡ್ ತಿರುಗುವುದೇ ನಿಲ್ಲುತ್ತದೆ. 8 ಮಿ.ಮೀ. ಮೂಲೆಗಳಿಗೆ ಹೊಂದುತ್ತದೆ, ಬಾನೆಟ್ ಮುಗಿಸಲು ಹೊತ್ತು ಹಿಡಿಯುತ್ತದೆ. ಮೊದಲ ಮಷಿನ್ 15 ಮಿ.ಮೀ., 5 ಇಂಚಿನ ಬ್ಯಾಕಿಂಗ್ ಪ್ಲೇಟಿನದಿರಲಿ (ಪ್ಯಾಡ್ ಅಂಟಿಸುವ ತಟ್ಟೆಯೇ ಬ್ಯಾಕಿಂಗ್ ಪ್ಲೇಟ್). ಅದಕ್ಕೇ 3 ಇಂಚಿನ ಪ್ಲೇಟ್ ಹಾಕಿ ಕಾರಿನ ಕಿಟಕಿಗಳ ನಡುವಿನ ಸಣ್ಣ ಕಂಬಗಳಿಗೂ ಬಳಸೋಣ ಅನಿಸಬಹುದು. ಬೇಡ. ಒಳಗಿನ ತೂಕದ ತುಂಡನ್ನು 5 ಇಂಚಿಗೆ ಸರಿದೂಗಿಸಿರುತ್ತಾರೆ. ಸಣ್ಣ ಪ್ಲೇಟ್ ಹಾಕಿದರೆ ಕೈ ಜುಮ್ಮೆನ್ನುವಷ್ಟು ಅದುರುತ್ತದೆ. ಕೊಳ್ಳುವಾಗ ಬಿಡಿ ಕಾರ್ಬನ್ ಬ್ರಷ್ ಮತ್ತು ಪ್ಲೇಟ್ ಸಿಗುತ್ತವೆಯೇ ಕೇಳಿ. ಎಕ್ಸ್‌ಟೆನ್ಷನ್ ವೈರ್ 1.5 ಚದರ ಮಿ.ಮೀ.ಗಿಂತ ತೆಳುವಾಗಿರಬಾರದು, ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಬಳಸಿ, ಇಲ್ಲದಿದ್ದರೆ ಕಾಯುತ್ತದೆ.

ಮಷಿನ್ ಮುಟ್ಟುವ ಮೊದಲಿನ ಕೆಲಸವೇ ಹೆಚ್ಚು. ಮೊದಲು ಬರೀ ನೀರು ಹೊಯ್ದು ದೂಳು ಇಳಿಸಿ, ಆಮೇಲೆ ಕಾರ್ ಶಾಂಪೂ. ನಮ್ಮ ಕಡೆಯ ಗಡಸು ಬೋರ್ ನೀರು ಒಣಗಿದರೆ ಬಿಳಿ ಕಲೆ ಕೂರುತ್ತದೆ. ಹೊಸ ಕಲೆಯಾದರೆ ಬಿಳಿ ವಿನೆಗರ್‌ಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ, ತಣ್ಣಗಿರುವ ಬಾಡಿಯ ಮೇಲೆ ಒದ್ದೆ ಬಟ್ಟೆ ಒಂದು ನಿಮಿಷ ಇಟ್ಟು ತೊಳೆಯಿರಿ. ಬಳಿಕ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಕೈಗೆ ಹಾಕಿಕೊಂಡು ಸವರಿ ನೋಡಿ. ತರಿತರಿ ಅನಿಸಿದರೆ ಸಾಕಷ್ಟು ಲೂಬ್ರಿಕೆಂಟ್ ಸಿಂಪಡಿಸುತ್ತ ಕ್ಲೇ ಬಾರ್ (ಅಂಟಿಕೊಂಡ ಕೊಳೆ ಎತ್ತುವ ಜೇಡಿಮಣ್ಣಿನಂಥ ಮುದ್ದೆ) ಆಡಿಸಿ. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ. ಕಪ್ಪು ಪ್ಲಾಸ್ಟಿಕ್ ಅಂಚು, ರಬ್ಬರ್, ಬಾಡಿಯ ಚೂಪು ಗೆರೆಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಆ ಗೆರೆಗಳ ಮೇಲೆ ಕ್ಲಿಯರ್ ಕೋಟ್ ಇನ್ನೂ ತೆಳುವಾಗಿರುತ್ತದೆ, ಬಣ್ಣ ಹೋಗುವುದು ಮೊದಲು ಅಲ್ಲೇ.

ನೆರಳಿನಲ್ಲಿ, ಅಂಗೈ ಇಟ್ಟರೆ ತಣ್ಣಗನ್ನಿಸುವ ಬಾಡಿಯ ಮೇಲೆ ಕೆಲಸ ಮಾಡಿ. ಬೇಸಿಗೆಯಲ್ಲಿ ಮುಂಜಾನೆ ಒಂಬತ್ತರೊಳಗೆ ಮುಗಿಸಿದರೆ ಒಳ್ಳೆಯದು. ಬ್ಯಾಕಿಂಗ್ ಪ್ಲೇಟಿನ ಪಕ್ಕಕ್ಕೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಪ್ಯಾಡ್ ತಿರುಗುತ್ತಿದೆಯೋ ಬರೀ ಅದುರುತ್ತಿದೆಯೋ ಆ ಗೆರೆಯೇ ಹೇಳುತ್ತದೆ. ಪ್ಯಾಡ್ ಮೇಲೆ ಕಡಲೆಕಾಳಿನ ಗಾತ್ರದ ನಾಲ್ಕು ಹನಿ ಪಾಲಿಶ್ ಸಾಕು. ಪ್ಯಾಡ್ ಬಾಡಿಗೆ ತಾಗಿಸಿದ ಮೇಲೆಯೇ ಸ್ವಿಚ್ ಒತ್ತಿ, ಇಲ್ಲವಾದರೆ ಗೋಡೆಗೆಲ್ಲ ಸಿಡಿಯುತ್ತದೆ. ಮಷಿನ್‌ನ ವೇಗದ ಡಯಲ್ 1ರಲ್ಲಿಟ್ಟು ಹರಡಿ, 4–5ಕ್ಕೆ ಏರಿಸಿ. ಒಂದು ಸಲಕ್ಕೆ 45×45 ಸೆಂ.ಮೀ. ಜಾಗ. ಸೆಕೆಂಡಿಗೆ 2–3 ಸೆಂ.ಮೀ.ನಂತೆ, ಹಿಂದಿನ ಸಾಲಿನ ಅರ್ಧ ಮುಚ್ಚುತ್ತ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ, ಒಟ್ಟು ನಾಲ್ಕರಿಂದ ಆರು ಸಲ. ಹೊಸಬರು ಎಡವುವುದು ಈ ಕೈವೇಗದಲ್ಲಿ: ಕಸ ಗುಡಿಸಿದಂತೆ ಆಡಿಸಿದರೆ ಪಾಲಿಶ್ ಒಣಗುತ್ತದೆಯೇ ಹೊರತು ಗೀರು ಹೋಗುವುದಿಲ್ಲ.

ಮೊದಲು ಬಾನೆಟ್‌ನ ಒಂದು ಮೂಲೆಯಲ್ಲಿ ಮೆತ್ತನೆ ಫೋಮ್ ಪ್ಯಾಡ್, ನಯ ಪಾಲಿಶ್‌ನಿಂದ ಪರೀಕ್ಷಿಸಿ. ಗೀರು ಉಳಿದರಷ್ಟೇ ಗಟ್ಟಿ ಪ್ಯಾಡ್‌ಗೆ, ಆಮೇಲೆ ಕಾಂಪೌಂಡ್‌ಗೆ (ಹೆಚ್ಚು ಸವೆಸುವ ಒರಟು ಪಾಲಿಶ್) ಹೋಗಿ. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಒರೆಸಿ, ಟಾರ್ಚ್ ಹಿಡಿದು ನೋಡಿ. ಪಾಲಿಶ್‌ನ ಎಣ್ಣೆ ಗೀರನ್ನು ತುಂಬಿ ಮೋಸ ಮಾಡುತ್ತದೆ. ಕಾಂಪೌಂಡ್ ಮಬ್ಬು ಬಿಟ್ಟರೆ ಗಾಬರಿ ಬೇಡ, ನಯ ಪಾಲಿಶ್‌ನಿಂದ ಅದು ಹೋಗುತ್ತದೆ. ಪ್ಯಾಡ್‌ಗೆ ಕಾರಿನ ಬಣ್ಣವೇ ಹತ್ತಿದರೆ ಮಾತ್ರ ನಿಲ್ಲಿಸಿ: ಒಂದೋ ಕ್ಲಿಯರ್ ಕೋಟ್ ಇಲ್ಲದ ಹಳೆಯ ಬಣ್ಣ, ಇಲ್ಲವೇ ಕ್ಲಿಯರ್ ಕೋಟ್ ಸವೆದುಹೋಗಿದೆ.

ಪ್ರತಿ ಜಾಗ ಮುಗಿದಾಗ ಬ್ರಷ್‌ನಿಂದ ಪ್ಯಾಡ್ ತೀಡಿ. ಒಂದೇ ಪ್ಯಾಡ್‌ನಲ್ಲಿ ಇಡೀ ಕಾರು ಮಾಡಿದರೆ ಅದು ಕಾಯ್ದು ನಡುವೆ ಕುಸಿಯುತ್ತದೆ. ನಾಲ್ಕೈದು ಇಟ್ಟುಕೊಂಡು ಬದಲಿಸಿ. ಬಂಪರ್ ಪ್ಲಾಸ್ಟಿಕ್ಕಿನದಾದ್ದರಿಂದ ಶಾಖ ಹರಡದೆ ಒಂದೇ ಕಡೆ ಕೂಡುತ್ತದೆ, ಅಲ್ಲಿ ವೇಗ ಇಳಿಸಿ. ಕಲಿಯಲು ಗುಜರಿಯಿಂದ ಹಳೆಯ ಬಾನೆಟ್ ತಂದು, 2000 ನಂಬರಿನ ನೀರು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಆ ಗೀರುಗಳನ್ನು ತೆಗೆಯಿರಿ. ಬೇಕೆಂದೇ ಒಂದು ಅಂಚಿನ ಬಣ್ಣವನ್ನೂ ಸವೆಸಿ ನೋಡಿ, ಎಷ್ಟು ಬೇಗ ಹೋಗುತ್ತದೆಂದು ಕೈಗೆ ಗೊತ್ತಾಗುತ್ತದೆ.

ಕೊನೆಗೆ ಬಣ್ಣ ಕಾಯುವ ಸೀಲೆಂಟ್ ಅಥವಾ ವ್ಯಾಕ್ಸ್ ತೆಳುವಾಗಿ ಹಚ್ಚಿ. ಖಂಡೇನವಮಿಯ ಪೂಜೆಗೆ ವಿಭೂತಿ, ಅರಿಶಿನ, ಕುಂಕುಮವನ್ನು ಗಾಜಿಗೆ ಹಚ್ಚಿದರೆ ಬಣ್ಣ ಉಳಿಯುತ್ತದೆ. ಬಾನೆಟ್‌ಗೇ ಹಚ್ಚುವ ಪದ್ಧತಿಯಿದ್ದರೆ ಅವತ್ತೇ ಸಂಜೆ ನೀರು ಹೊಯ್ದು ತೊಳೆಯಿರಿ, ಒಣಬಟ್ಟೆಯಿಂದ ಒರೆಸಬೇಡಿ.