ಅಜ್ಜಿಗೆ ಗೊತ್ತಾಗದಂಗೆ ಉಸಿರು ಎಣಿಸಿದ್ದು

ಹೋದ ಅವರೆಕಾಯಿ ಸೀಸನ್‌ನಲ್ಲಿ ತಿಪಟೂರು ಹತ್ರ ಇರೋ ಅಜ್ಜಿ ಊರಿಗೆ ಹೋಗಿದ್ದೆ, ಎರಡು ದಿನ ಇದ್ದು ಹಿತಕವರೆ ಸಾರು ತಿಂದು ಬರೋಣ ಅಂತ ಅಷ್ಟೇ. ಅಜ್ಜಿಗೆ ನಾಲ್ಕು ದಿನದಿಂದ ಕೆಮ್ಮು ಇತ್ತಂತೆ, ಮೆಣಸಿನ ಕಷಾಯ ಕುಡ್ಕೊಂಡು ಓಡಾಡ್ತಿದ್ಲು. ಥರ್ಮಾಮೀಟರ್ ಇಟ್ರೆ 98.4. ಜ್ವರ ಇಲ್ವಲ್ಲ ಬಿಡು ಅಂತ ನಾನೂ ಸುಮ್ನಾದೆ.

ಸಂಜೆ ನೆನೆಸಿದ ಕಾಳು ಹಿತುಕ್ತಾ ಕೂತಾಗ ಏನೋ ಸರಿ ಇಲ್ಲ ಅನ್ನಿಸ್ತು. ನಮ್ಮಜ್ಜಿ ಬೈಯೋಕೆ ಶುರು ಮಾಡಿದ್ರೆ ನನ್ನ ಮದುವೆಯಿಂದ ಹಿಡಿದು ಪಕ್ಕದ ತೋಟದವರ ಬೇಲಿ ತನಕ ಒಂದೇ ಉಸಿರಿಗೆ ಮುಗಿಸೋಳು. ಅವತ್ತು "ಆ ಬೇಲಿ... ಸರಿಸವ್ರೆ... ನೋಡ್ಕಂಡ್ ಬಾ" ಅಂತ ಎರಡು ಕಡೆ ನಿಂತ್ಲು.

ಚಿಕ್ಕಮ್ಮಂಗೆ ಫೋನ್ ಮಾಡಿದೆ, ಸ್ಟಾಫ್ ನರ್ಸ್ ಆಗಿ ರಿಟೈರ್ ಆದೋರು. ಜ್ವರ ಬಿಪಿ ಏನೂ ಕೇಳಲಿಲ್ಲ, "ನಿಮಿಷಕ್ಕೆ ಉಸಿರು ಎಷ್ಟಿದೆ?" ಅಂದ್ರು. ಕೊರೊನಾ ಟೈಮಲ್ಲಿ ತಂದಿದ್ದ ಆಕ್ಸಿಮೀಟರ್ ಹುಡುಕಿದ್ರೆ ಸೆಲ್ ಸೋರಿ ಒಳಗೆಲ್ಲಾ ಕಿಲುಬು ಹಿಡಿದಿತ್ತು. "ಆ ಡಬ್ಬ ಬಿಡೋ, ಗಡಿಯಾರ ಇದ್ಯಲ್ಲ, ಎಣಿಸು."

ನಾನು ಪೆದ್ದ, "ಅಜ್ಜಿ ಅಲ್ಲಾಡ್ಬೇಡ, ಉಸಿರು ಎಣಿಸ್ತೀನಿ" ಅಂದೆ. ಅಜ್ಜಿ ತಕ್ಷಣ ಬೆನ್ನು ನೆಟ್ಟಗೆ ಮಾಡಿ, ಟಿವಿ ಯೋಗದ ಸ್ವಾಮೀಜಿ ತರ ಕಣ್ಮುಚ್ಚಿ ಎಳೆದು ಎಳೆದು ಬಿಡೋಕೆ ಶುರು, ಕೆಮ್ಮು ಬರೋವರೆಗೂ ನಡೀತು ಅದು. ಫೋನಲ್ಲಿ ಚಿಕ್ಕಮ್ಮ ಹಣೆ ಚಚ್ಕೊಂಡ್ರು. ಎದೆ ಬಡಿತ ನಾವು ಹೇಳಿದಂಗೆ ಕೇಳಲ್ಲ, ಆದ್ರೆ ಉಸಿರು ಹಂಗಲ್ಲ, ತಾನಾಗೇ ನಡೀತಿರುತ್ತೆ, ಗಮನ ಹೋದ್ರೆ ಸಾಕು ಬದಲಾಗ್ಬಿಡುತ್ತೆ. ಅದಕ್ಕೇ ನಾಡಿ ನೋಡೋ ನೆಪದಲ್ಲಿ ಕೈ ಹಿಡ್ಕೊಂಡು ಎಣಿಸ್ಬೇಕಂತೆ, ಅದೂ ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದ್ರೆ ಒಂದು ತಪ್ಪಿದ್ದು ನಾಲ್ಕು ತಪ್ಪಾಗುತ್ತೆ.

ಸ್ವಲ್ಪ ಹೊತ್ತು ಬಿಟ್ಟು ಮಣಿಕಟ್ಟು ಹಿಡಿದೆ. ಕಣ್ಣು ಮಾತ್ರ ಸೆರಗಿನ ಅಂಚಿನ ಮೇಲೆ. ಆ ಕೆಂಪು ಅಂಚು ಒಂದ್ಸಲ ಏರಿ ಇಳಿದ್ರೆ ಒಂದು. ಸಣ್ಣ ಸಣ್ಣದಾಗಿ ಬೇಗ ಬೇಗ ಏರ್ತಿತ್ತು, ಪ್ರತಿ ಸಲ ಕತ್ತಿನ ಕೆಳಗಿನ ಗುಳಿ ಒಳಕ್ಕೆ ಹೋಗ್ತಿತ್ತು, ಇಷ್ಟು ಹೊತ್ತು ಎದುರಿಗೇ ಕೂತಿದ್ರೂ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮೂವತ್ತು! ಆರಾಮಾಗಿ ಕೂತಿರೋ ದೊಡ್ಡೋರಿಗೆ 12ರಿಂದ 20 ಇರ್ಬೇಕು. ಚಿಕ್ಕಮ್ಮ "ಕಾರ್ ಮಾಡ್ಕೊಂಡು ಈಗ್ಲೇ ಹೊರಡು" ಅಂದು ಫೋನ್ ಇಟ್ರು.

ಆಸ್ಪತ್ರೇಲಿ ಆಕ್ಸಿಜನ್ 90 ಬಂತು, ಎಕ್ಸ್‌ರೇಲಿ ಬಲಗಡೆ ನ್ಯುಮೋನಿಯಾ. ವಯಸ್ಸಾದೋರಿಗೆ ನ್ಯುಮೋನಿಯಾ ಆದ್ರೂ ಎಷ್ಟೋ ಸಲ ಜ್ವರ ಬರಲ್ಲ, ಉಸಿರು ಬೇಗ ಬೇಗ ಆಗೋದೇ ಮೊದಲು ಅಂದ್ರು ಡಾಕ್ಟ್ರು. ಬೇಗ ಬೇಗ ಉಸಿರಾಡಿದ್ರೆ ಗಾಳಿ ಜಾಸ್ತಿ ಹೋಗುತ್ತಲ್ವಾ ಅಂತ ಕೇಳ್ದೆ. ಮಾಮೂಲಿ ಒಂದು ಉಸಿರಿಗೆ ಹತ್ತತ್ರ ಅರ್ಧ ಲೀಟರ್, ಅಂದ್ರೆ ಒಂದು ಹಾಲಿನ ಪ್ಯಾಕೆಟ್‌ನಷ್ಟು ಗಾಳಿ ಹೋಗುತ್ತೆ, ಅದ್ರಲ್ಲಿ 150 ಎಂಎಲ್ ಬರೀ ಗಂಟಲು, ಕೊಳವೆಗಳಲ್ಲೇ ಇದ್ದು ವಾಪಸ್ ಬರುತ್ತೆ, ರಕ್ತಕ್ಕೆ ಸಿಗಲ್ಲ. ಉಸಿರು ಸಣ್ಣ ಆದಷ್ಟೂ ಆ ನಷ್ಟದ ಪಾಲೇ ದೊಡ್ಡದು.

ಇನ್ನೊಂದು ಹೇಳ್ಬೇಕು. ಬೆಡ್ ಕಾಲ ಹತ್ರ ನೇತಾಕಿದ್ದ ಚಾರ್ಟಲ್ಲಿ ಉಸಿರಿನ ಕಾಲಮ್ ಪೂರ್ತಿ 20, 20, 20. ಪಕ್ಕದ ಬೆಡ್ಡಿಗೂ 20. ನಾನು ಎಣಿಸಿದ್ರೆ ಅಜ್ಜಿದು 26. ರಾತ್ರಿ ಡ್ಯೂಟಿ ಸಿಸ್ಟರ್‌ಗೆ ಹೇಳಿದ್ದಕ್ಕೆ ಮೊದಲು ಸಿಡುಕಿದ್ರು, ಆಮೇಲೆ ಬಂದು ನಿಂತು ಪೂರ್ತಿ ಎಣಿಸಿ ಹೊಡೆದಾಕಿ 26 ಅಂತ ಬರೆದ್ರು. ಎರಡು ವಾರ್ಡಿಗೆ ಒಬ್ಬರೇ ಪಾಪ, ಬೈಯೋಕೂ ಮನಸ್ಸು ಬರಲಿಲ್ಲ.

ಆರನೇ ದಿನ ಡಿಸ್ಚಾರ್ಜ್. ಮನೇಲಿ ನಾಡಿ ನೋಡೋ ನೆಪದಲ್ಲಿ ಮತ್ತೆ ಕೈ ಹಿಡಿದೆ. ಅಜ್ಜಿ ನನ್ನ ಮುಖ ನೋಡಿ, "ನಾಡಿ ನೋಡೋನು ಸೆರಗು ಯಾಕ್ಲಾ ನೋಡ್ತೀಯ? ಎಣಿಸ್ಕೋ, ನಾನು ಅತ್ಲಾಗ್ ತಿರಿಕ್ಕತ್ತೀನಿ" ಅಂದು ಗೋಡೆ ಕಡೆ ತಿರುಗಿ ಪಕ್ಕದ ತೋಟದವರ ಬೇಲಿ ವಿಷಯ ತೆಗೆದ್ಲು, ಎಲ್ಲೂ ನಿಲ್ಲಿಸಲಿಲ್ಲ, ನನಗೆ ಒಂದೂ ಎಣಿಸೋಕಾಗಲಿಲ್ಲ.